ಕ್ಯಾಸಿಯೋ ಎಸ್‌ಕೆ-1: ಬಿಚ್ಚಿ, ಬೆಸೆದು, ವರ್ಷಗಟ್ಟಲೆ ಬಳಸಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಎಸ್‌ಕೆ-1 ಸಿಕ್ಕರೆ ತಗೊಳ್ಳಿ. ಆದರೆ ಯಾರೋ ‘ಬೆಂಡ್’ ಮಾಡಿ, ಅಂದರೆ ಒಳಗಿನ ವೈರಿಂಗ್ ಅದಲುಬದಲು ಮಾಡಿ, ಮೈತುಂಬ ಸ್ವಿಚ್ಚು ಚುಚ್ಚಿ, ದುಪ್ಪಟ್ಟು ರೇಟಿಗೆ ಮಾರುತ್ತಿರುವುದನ್ನು ಮಾತ್ರ ಮುಟ್ಟಬೇಡಿ. ಈ ಯಂತ್ರಕ್ಕೆ ಬೇಕಾದ ಮಾಡಿಫಿಕೇಶನ್ ಒಂದೇ ಒಂದು. ಮಿಕ್ಕಿದ್ದೆಲ್ಲ ನೋಡುವವರಿಗೆ ಚೆಂದ.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಬತ್ತರ ದಶಕದ ನಡುವಿನಲ್ಲಿ ಕ್ಯಾಸಿಯೋ ಬಿಟ್ಟ ಪುಟ್ಟ ಸ್ಯಾಂಪ್ಲಿಂಗ್ ಕೀಬೋರ್ಡ್ ಇದು, ಅಂದರೆ ಹೊರಗಿನ ಸದ್ದಿನ ತುಣುಕು (ಸ್ಯಾಂಪಲ್) ಹಿಡಿದು ಕೀಗಳಲ್ಲಿ ನುಡಿಸುವಂಥದ್ದು. 32 ಸಣ್ಣ ಕೀಗಳು, ಒಟ್ಟಿಗೆ ನಾಲ್ಕು ಸ್ವರ, ಐದು ಪೆನ್‌ಸೆಲ್‌ನಲ್ಲಿ ನಡೆಯುತ್ತದೆ. ಮೈಯಲ್ಲೇ ಒಂದು ಮೈಕ್ ಇದೆ. ಅದರ ಮುಂದೆ ಕೆಮ್ಮಿದರೆ ಆ ಕೆಮ್ಮನ್ನೇ ಸರಿಗಮದಲ್ಲಿ ನುಡಿಸಬಹುದು. ಸದ್ದನ್ನು ಸೆಕೆಂಡಿಗೆ 9,380 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ (ಒಂದು ಬೈಟ್) ಬರೆದಿಡುತ್ತದೆ, ಒಟ್ಟು 1.4 ಸೆಕೆಂಡ್. ಗುಣಿಸಿ ನೋಡಿ, 13 ಕಿಲೋಬೈಟ್ ಚಿಲ್ಲರೆ ಆಗುತ್ತದೆ. ಇವತ್ತು ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರವೇ ಇದಕ್ಕಿಂತ ದೊಡ್ಡದು. ಸ್ಯಾಂಪ್ಲರ್ ಎಂದರೆ ಸಾವಿರಾರು ಡಾಲರ್ ಎಂದಿದ್ದ ಕಾಲದಲ್ಲಿ ಇದು ನೂರು ಡಾಲರಿನ ಆಸುಪಾಸಿಗೆ ಬಂತು, ಮಕ್ಕಳ ಕೈಗೆ ಸಿಕ್ಕಿತು. ಹಿಪ್-ಹಾಪ್‌ನವರು ತಲೆ ಮೇಲೆ ಹೊತ್ತುಕೊಂಡಿರುವ ಇ-ಮ್ಯು ಎಸ್‌ಪಿ-1200 ಸ್ಯಾಂಪ್ಲರ್ ಬಂದದ್ದು 1987ರಲ್ಲಿ. ಅದು 12 ಬಿಟ್, 26.04 ಕಿಲೋಹರ್ಟ್ಸ್, ಸುಮಾರು 10 ಸೆಕೆಂಡ್. ಅದರ ಪಕ್ಕ ಇದು ಆಟಿಕೆಯೇ ಹೌದು, ಅದರಲ್ಲಿ ಮುಚ್ಚುಮರೆಯಿಲ್ಲ.

ಆದರೆ ಸದ್ದು ಆಟಿಕೆಯದಲ್ಲ. ಸೆಕೆಂಡಿಗೆ ಅಳೆಯುವ ದರ 9.38 ಕಿಲೋಹರ್ಟ್ಸ್ ಎಂದಮೇಲೆ ಅದರರ್ಧ, ಅಂದರೆ ಸುಮಾರು 4.7 ಕಿಲೋಹರ್ಟ್ಸ್‌ಗಿಂತ ಮೇಲಿನದ್ದು ಇದರ ಕಿವಿಗೆ ಸರಿಯಾಗಿ ಬೀಳುವುದೇ ಇಲ್ಲ. ಸೋಸದೆ ಒಳಗೆ ನುಗ್ಗಿದ್ದು ಮಡಚಿಕೊಂಡು ಕೆಳಗಿನ ಸ್ವರವಾಗಿ ಹೊರಬರುತ್ತದೆ. ಜಾಗಟೆ ಹೊಡೆದು ಸ್ಯಾಂಪಲ್ ಮಾಡಿ, ಗೊತ್ತಾಗುತ್ತದೆ: ಮೇಲಿನ ಕಿಣಿಕಿಣಿ ಮಾಯ, ಅದರ ಜಾಗದಲ್ಲಿ ಮೂಲದಲ್ಲಿ ಇಲ್ಲದ, ಸ್ವಲ್ಪ ಅಪಸ್ವರದ ಒಂದು ಗುಂಯ್. ನನಗೆ ಈ ಯಂತ್ರದಲ್ಲಿ ಅತಿ ಇಷ್ಟವಾದ ಸದ್ದು ಅದೇ. ತಮಟೆ ಅದ್ಭುತವಾಗಿ ಬರುತ್ತದೆ. ಪೆಟ್ಟು ಚಿಕ್ಕದು, 1.4 ಸೆಕೆಂಡ್ ಧಾರಾಳವಾಯಿತು. ಮೋರ್ಸಿಂಗ್ ಇನ್ನೂ ಒರಟಾಗಿ, ಹಲ್ಲು ಕಡಿಯುವ ಹಾಗೆ ಕೇಳುತ್ತದೆ. ತಂಬೂರಿ ಮಾತ್ರ ದಂಡ. ಜೀವಾಳದ (ತಂತಿಯಡಿ ಸಿಗಿಸುವ ನೂಲು) ಝೇಂಕಾರವಿರುವುದೇ ಮೇಲಿನ ಸ್ವರಾಂಶಗಳಲ್ಲಿ. ಅದು ಹೋದರೆ ಉಳಿಯುವುದು ನೆಗಡಿಯಾದ ಹಾರ್ಮೋನಿಯಂ. ಇಷ್ಟರ ಮೇಲೆ 13 ಬಗೆಯ ಎನ್ವಲಪ್ (ಸದ್ದು ಏರಿ ಇಳಿಯುವ ರೀತಿ), ಪೋರ್ಟಮೆಂಟೊ (ಸ್ವರದಿಂದ ಸ್ವರಕ್ಕೆ ಜಾರುವುದು), ವೈಬ್ರೇಟೊ (ಸ್ವರದ ನಡುಕ) ಎಲ್ಲವನ್ನೂ ನಮ್ಮ ಸ್ಯಾಂಪಲ್ಲಿಗೇ ಹಾಕಬಹುದು. ಪೋರ್ಟಮೆಂಟೊ ಹಾಕಿ ಕೆಳಗಿನ ಕೀಯಲ್ಲಿ ತಮಟೆ ನುಡಿಸಿದರೆ ಕೋಣೆಯ ನೆಲವೇ ಜಾರಿದಂತಾಗುತ್ತದೆ.

ಇನ್ನು ಬಿಚ್ಚುವ ವಿಚಾರ. ಆಟಿಕೆ, ಅಗ್ಗದ ಕೀಬೋರ್ಡ್‌ಗಳ ಒಳಗೆ ಬೇಕೆಂದೇ ಅಲ್ಲಿಗೂ ಇಲ್ಲಿಗೂ ತಂತಿ ತಾಗಿಸಿ ಹೊಸ ಸದ್ದು ಹುಡುಕುವ ಕಲೆಗೆ ಸರ್ಕ್ಯೂಟ್ ಬೆಂಡಿಂಗ್ ಎಂದು ಹೆಸರಿಟ್ಟವರು ಅಮೆರಿಕದ ರೀಡ್ ಗಜಾಲಾ. ಆ ಪಂಗಡದವರ ಕೈಯಲ್ಲಿ ಎಸ್‌ಕೆ-1ರಷ್ಟು ಸಲ ಹೊಟ್ಟೆ ಕೊಯ್ಸಿಕೊಂಡ ಯಂತ್ರ ಕಡಿಮೆ. ಮೆಮೊರಿ ಚಿಪ್ಪಿನ ಕಾಲುಗಳನ್ನು ಒಂದಕ್ಕೊಂದು ತಾಗಿಸಿದರೆ ಸಂಖ್ಯೆಗಳು ಅದಲುಬದಲಾಗಿ ಕೊಳಲು ಹೋಗಿ ಗರಗಸವಾಗುತ್ತದೆ. ಅದಕ್ಕೆಂದೇ ಜನ ಬೇಕಾದಂತೆ ವೈರು ಚುಚ್ಚಿ ಜೋಡಿಸಲು ಹತ್ತಾರು ಸಾಕೆಟ್ಟುಗಳ ಪ್ಯಾಚ್ ಬೇ ಕೂರಿಸುತ್ತಾರೆ. ನಾನೂ ಕೂರಿಸಿದೆ. ಮೊದಲ ತಿಂಗಳು ಹಬ್ಬ. ಆಮೇಲೆ ಎಲ್ಲ ಗರಗಸವೂ ಒಂದೇ ಥರ ಕೇಳತೊಡಗಿತು. ಚೆನ್ನಾಗಿ ಬಂದ ಸದ್ದು ಮಾರನೇ ದಿನ ಅದೇ ತೂತಿಗೆ ಅದೇ ವೈರು ಹಾಕಿದರೂ ಬರುವುದಿಲ್ಲ, ಮೇಲೆ ಯಂತ್ರ ಹ್ಯಾಂಗ್ ಆಗಿ ಸೆಲ್ ಬಿಚ್ಚಿ ಹಾಕುವ ರಗಳೆ ಬೇರೆ. ಈಗ ಆ ಸಾಕೆಟ್ಟುಗಳಲ್ಲಿ ಧೂಳಿದೆ.

ಉಳಿದುಕೊಂಡದ್ದು ಪಿಚ್ ನಾಬ್. ಯಂತ್ರದ ಸ್ವಂತ ಕ್ಲಾಕ್ (ಅದರ ಕೆಲಸದ ವೇಗಕ್ಕೆ ತಾಳ ಹಾಕುವ ಮಿಡಿತ) ತಪ್ಪಿಸಿ ಎಲ್‌ಟಿಸಿ1799 ಎಂಬ ಪುಟ್ಟ ಆಸಿಲೇಟರ್ ಚಿಪ್ಪಿನಿಂದ ಕ್ಲಾಕ್ ಕೊಡುವುದು, ಒಂದು ಪೊಟೆನ್ಶಿಯೋಮೀಟರ್ (ತಿರುಗಿಸುವ ನಾಬಿನ ರೆಸಿಸ್ಟರ್, ‘ಪಾಟ್’) ಹಾಕಿ ಅದರ ವೇಗ ತಿರುಗಿಸುವುದು, ಹಳೇ ಕ್ಲಾಕಿಗೆ ವಾಪಸ್ ಹೋಗಲು ಒಂದು ಟಾಗಲ್ ಸ್ವಿಚ್. ಅಷ್ಟೇ. ವೇಗ ಇಳಿಸಿದರೆ ಸ್ವರ, ರಿದಮ್ ಎರಡೂ ಒಟ್ಟಿಗೆ ಇಳಿಯುತ್ತವೆ. ಅಸಲಿ ಲಾಭ ಅದಲ್ಲ: ನಿಧಾನ ಕ್ಲಾಕಿನಲ್ಲೇ ಸ್ಯಾಂಪಲ್ ತೆಗೆದುಕೊಂಡರೆ 1.4 ಸೆಕೆಂಡ್ ಇದ್ದದ್ದು ಉದ್ದವಾಗುತ್ತದೆ, ಸದ್ದು ಇನ್ನಷ್ಟು ಮಬ್ಬಾಗುತ್ತದೆ. ಅರ್ಧ ವೇಗದಲ್ಲಿ ಹೆಚ್ಚುಕಡಿಮೆ 2.8 ಸೆಕೆಂಡ್ ಸಿಕ್ಕಿತು, 2.3 ಕಿಲೋಹರ್ಟ್ಸ್‌ಗೆ ಮೇಲಿನದ್ದು ಹೋಯಿತು. ಕಾರ್ಖಾನೆಯಿಂದ ಬಂದ ಎಸ್‌ಕೆ-1ರಲ್ಲಿ ಇಲ್ಲದ ವಾದ್ಯ ಅದು. ನಾಬನ್ನು ಮೇಲ್ತುದಿಗೆ ತಿರುಗಿಸಿದರೆ ಮಾತ್ರ ಯಂತ್ರ ಗಪ್‌ಚುಪ್ ಆಗುತ್ತದೆ, ಆಫ್ ಮಾಡಿ ಆನ್ ಮಾಡಬೇಕು.

ಸಾಮಾನಿಗೆ ಪರದಾಟವಿಲ್ಲ. ಪಾಟ್, ಟಾಗಲ್, 3.5 ಎಂಎಂ ಸಾಕೆಟ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಚಿಪ್ಪು ಮಾತ್ರ ಸಾಸಿವೆಗಾತ್ರ, ಬರಿಗೈಯಲ್ಲಿ ಸೋಲ್ಡರ್ ಮಾಡಲು ಹೋಗದೆ ಪುಟ್ಟ ಬೋರ್ಡಿಗೆ ಕೂರಿಸಿದ್ದನ್ನೇ ಆನ್‌ಲೈನ್‌ನಲ್ಲಿ ತರಿಸಿ. ಅದಕ್ಕೆ 5.5 ವೋಲ್ಟ್‌ಗಿಂತ ಹೆಚ್ಚು ಕೊಡಬಾರದು. ಐದು ಸೆಲ್ಲಿನ 7.5 ವೋಲ್ಟನ್ನು ನೇರ ಕೊಟ್ಟರೆ ಚಿಪ್ಪಿಗೆ ತಿಲೋದಕ ಬಿಟ್ಟಂತೆ. ಹಳೇ ಬೋರ್ಡಿನ ತಾಮ್ರದ ಪ್ಯಾಡು ಶಾಖ ಹೆಚ್ಚಾದರೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ಸೋಲ್ಡರಿಂಗ್ ಐರನ್ ಇಟ್ಟಲ್ಲೇ ಇಟ್ಟು ಯೋಚಿಸುತ್ತ ಕೂರಬೇಡಿ. ತೆರೆದಿಟ್ಟ ಯಂತ್ರವನ್ನು ಸೆಲ್ಲಿನಲ್ಲೇ ಓಡಿಸಿ, ಅಡಾಪ್ಟರ್ ಬೇಡ. ಹೇಗೂ ಇದರ ಅಡಾಪ್ಟರ್ ಪಿನ್ನಿನ ಒಳಭಾಗ ನೆಗೆಟಿವ್. ಈಗ ಮನೆಯಲ್ಲಿ ಬಿದ್ದಿರುವವು ಬಹುಪಾಲು ತದ್ವಿರುದ್ಧ.

ಸ್ಯಾಂಪಲ್ ಪ್ಯಾಕ್ (ಬೇರೆ ಸಂಗೀತಗಾರರು ಬಳಸಲೆಂದು ಮಾರುವ ಸದ್ದಿನ ಫೈಲುಗಳ ಕಟ್ಟು) ಮಾಡುವವರಿಗೆ ಇದು ಹೇಗೆ? ಇಲ್ಲಿಯೇ ಈ ಯಂತ್ರ ತನ್ನ ದುಡ್ಡು ದುಡಿದುಕೊಟ್ಟದ್ದು. ಒಮ್ಮೆಗೆ ಒಂದೇ ಸ್ಯಾಂಪಲ್ ಹಿಡಿಯುತ್ತದೆ, ಮುಂದಿನದು ಬಂದರೆ ಹಿಂದಿನದು ಗತಿಸಿತು. ಕಂಪ್ಯೂಟರಿನಿಂದ ನುಡಿಸಲು ಬೇಕಾದ ಮಿಡಿ ಸಂಪರ್ಕ ಇಲ್ಲ, ಬೆರಳಿನ ಒತ್ತಡಕ್ಕೆ ಸ್ಪಂದನೆಯೂ ಇಲ್ಲ. ಹಾಗಾಗಿ ಒಳ್ಳೆಯದು ಸಿಕ್ಕ ಗಳಿಗೆಯಲ್ಲೇ ಕಂಪ್ಯೂಟರಿಗೆ ಇಳಿಸಬೇಕು, ಅದೂ ಕೀ ಕೀಯಾಗಿ ಕೈಯಿಂದ. ಪಿಯಾನೋ ಥರದ ವಾದ್ಯಕ್ಕೆ ಮೂರು ಕೀಗೆ ಒಂದು ರೆಕಾರ್ಡ್ ಮಾಡಿ ಮಿಕ್ಕಿದ್ದನ್ನು ಸಾಫ್ಟ್‌ವೇರಿಗೆ ಬಿಡುವುದುಂಟು. ಇಲ್ಲಿ ಆ ಸೋಮಾರಿತನ ನಡೆಯದು. ಪ್ರತಿ ಕೀಗೂ ಕರಕರ ಬೇರೆ, 32ನ್ನೂ ತೆಗೆಯಬೇಕು. ಮೂಲವೇ 8 ಬಿಟ್, 24 ಬಿಟ್ 96 ಕಿಲೋಹರ್ಟ್ಸ್‌ನಲ್ಲಿ ಹಿಡಿಯುವುದು ದಂಡವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಲೈನ್ ಔಟ್‌ನಿಂದ ಬರುವುದರಲ್ಲಿ ಆ ಡಿಜಿಟಲ್ ಮೆಟ್ಟಿಲುಗಳ ಚೂಪು ಅಂಚುಗಳೂ ಇವೆ; ಕೊಳ್ಳುವವರಿಗೆ ಬೇಕಾದದ್ದು ಅದೇ. ಆಮೇಲೆ ಕೆಳಕ್ಕೆ ಎಳೆದು ನುಡಿಸಿದಾಗ ಆ ಮೇಲಿನ ಅಂಚು ಕೇಳುವ ಮಟ್ಟಕ್ಕೆ ಇಳಿದು ಬರುತ್ತದೆ.

ಹಿಸ್ (ಸುಯ್ ಎನ್ನುವ ಹಿನ್ನೆಲೆ ಸದ್ದು) ಇದೆ, ಕ್ಲಾಕಿನ ಸಣ್ಣ ಶಿಳ್ಳೆಯೂ ಇದೆ. ನಾಯ್ಸ್ ರಿಡಕ್ಷನ್ ಹಾಕಿ ತೊಳೆಯಬೇಡಿ, ಸದ್ದಿನ ಬಾಲವೂ ಅದರ ಜೊತೆ ಕೊಚ್ಚಿಹೋಗುತ್ತದೆ. ಒಂದೊಂದು ಫೈಲನ್ನೂ ಬೇರೆ ಬೇರೆ ನಾರ್ಮಲೈಸ್ ಮಾಡುವುದೂ, ಅಂದರೆ ಗರಿಷ್ಠ ಮಟ್ಟಕ್ಕೆ ಗಟ್ಟಿ ಮಾಡುವುದೂ, ತಪ್ಪು. ಕೆಳಗಿನ ಕೀಯೂ ಮೇಲಿನ ಕೀಯೂ ಒಂದೇ ಗಟ್ಟಿಯಾಗಿ ವಾದ್ಯ ಚಪ್ಪಟೆಯಾಗುತ್ತದೆ. ಫೈಲಿನ ಹೆಸರಲ್ಲೇ ಸ್ವರ, ಕ್ಲಾಕ್ ನಾಬಿನ ಸ್ಥಾನ ಎರಡನ್ನೂ ಬರೆದಿಡಿ.

ಹಕ್ಕಿನ ವಿಷಯ ಒಂದೇ ಮಾತು. ಹಳೇ ಕನ್ನಡ ಸಿನಿಮಾ ಹಾಡಿನ ತುಣುಕನ್ನು ಇದರೊಳಗೆ ಹಾಕಿ ತೆಗೆದರೆ ಮೈ ಜುಂ ಎನ್ನುತ್ತದೆ, ನಿಜ. ಆದರೆ ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ; 8 ಬಿಟ್ ಮಾಡಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಮಾರುವ ಪ್ಯಾಕಿನಲ್ಲಿ ನಾವೇ ಬಡಿದ, ಊದಿದ, ಕೂಗಿದ ಸದ್ದು ಮಾತ್ರ ಇರಲಿ. ಯಂತ್ರದೊಳಗೇ ಬರುವ ಟ್ರಂಪೆಟ್, ಹ್ಯೂಮನ್ ವಾಯ್ಸ್‌ಗಳನ್ನೂ ನಾನು ಮಾರುವುದಿಲ್ಲ, ನನ್ನ ಟ್ರ್ಯಾಕಿಗಷ್ಟೇ.

ವಯಸ್ಸಿನ ಕಾಯಿಲೆಗಳು ನಿರೀಕ್ಷಿಸಿದಷ್ಟೇ. ಕೀ ಕೆಳಗಿನ ರಬ್ಬರ್ ಕಾಂಟ್ಯಾಕ್ಟುಗಳಿಗೆ ಕಿಟ್ಟ ಕಟ್ಟಿ ಕೆಲವು ಸ್ವರ ಮೂಕವಾಗುತ್ತವೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರೆ ಮಾತು ಬರುತ್ತದೆ. ವಾಲ್ಯೂಮ್ ಸ್ಲೈಡರ್ ಕರ್ ಎನ್ನುವುದು ಮಾಮೂಲು. ಕೊಳ್ಳುವಾಗ ಮೊದಲು ಸೆಲ್ ಗೂಡು ತೆಗೆಸಿ ನೋಡಿ. ಸ್ಪ್ರಿಂಗಿನ ಮೇಲೆ ಹಸಿರು ಪುಡಿ ಅಲ್ಪಸ್ವಲ್ಪವಿದ್ದರೆ ವಿನೆಗರ್ ಸಾಕು, ಗೂಡು ದಾಟಿ ವೈರಿನೊಳಕ್ಕೆ ಹೋಗಿದ್ದರೆ ಬೇರೆ ಹುಡುಕಿ. ಆಮೇಲೆ ಎಲ್ಲ 32 ಕೀ ಒತ್ತಿ, ಮೈಕಿನಲ್ಲಿ ಏನಾದರೂ ಕೂಗಿ, ಅದು ವಾಪಸ್ ಬರುತ್ತದಾ ನೋಡಿ. ಐದು ಕೀ ಒಟ್ಟಿಗೆ ಒತ್ತಿ ಒಂದು ಕೇಳಲಿಲ್ಲವೆಂದು ಚೌಕಾಸಿಗೆ ಇಳಿಯಬೇಡಿ, ಅದು ಹುಟ್ಟಿದ್ದೇ ಹಾಗೆ.