ಡಬ್ಬದ ಮೇಲಿನ ತಾರೀಖು ನೋಡದೆ ಕೊಂಡ ಬೆಟ್ಟದ ಶೂ

2024ರ ದೀಪಾವಳಿ ಸೇಲ್‌ನಲ್ಲಿ ತುಮಕೂರಿನ ಒಂದು ಅಂಗಡಿಯಲ್ಲಿ ಈ ಶೂ ತಗೊಂಡೆ. ಎಂ.ಆರ್.ಪಿ 3,499. ನನಗೆ ಸಿಕ್ಕಿದ್ದು 1,499ಕ್ಕೆ. ಕಂದು ಬಣ್ಣ, ಕಾಲಿನ ಗಿಣ್ಣು ಮುಚ್ಚುವಷ್ಟು ಎತ್ತರ, ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನಂಥ ಹಲ್ಲು. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಿದೆ. ಹತ್ತಿ ಹಾಸಿಗೆ ತುಳಿದ ಹಾಗಿತ್ತು. ಕಂಪನಿ ಹೆಸರು, ಅಂಗಡಿ ಹೆಸರು ಬರೆಯುತ್ತಿಲ್ಲ. ಈ ತೊಂದರೆ ಯಾವ ಕಂಪನಿಯ ಶೂಗಾದರೂ ಬರುವಂಥದ್ದು.

ನಾನು ಬಸ್ ಕಂಡಕ್ಟರ್. ವಾರದ ರಜೆಯಲ್ಲಿ ಒಬ್ಬನೇ ಬೆಟ್ಟ ಹತ್ತುತ್ತೇನೆ. ಆರು ದಿನ ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಕೂಗುವವನಿಗೆ ಏಳನೇ ದಿನ ಯಾರ ಮುಖವೂ ಬೇಡ ಅನ್ನಿಸುತ್ತದೆ, ಅಲ್ವಾ? ಮಧುಗಿರಿ ಬೆಟ್ಟದಲ್ಲಿ ಈಗ ಜನ ಜಾಸ್ತಿ. ಅದಕ್ಕೇ ಜನವರಿಯಲ್ಲಿ ಹೊಸ ಶೂ ಹಾಕಿಕೊಂಡು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗಕ್ಕೆ ಹೋದೆ. ನಮ್ಮ ಕಡೆ ಸಿ.ಎನ್. ದುರ್ಗ ಅಂತಾರೆ. ಪಾಳೆಯಗಾರರ ಕಾಲದ ಕೋಟೆ. ಕಾಲುದಾರಿ ಹುಲ್ಲಿನಲ್ಲಿ, ಲಂಟಾನದಲ್ಲಿ ಆಗಾಗ ಕಾಣೆಯಾಗುತ್ತದೆ. ಆಗ ಕೋಟೆ ಗೋಡೆಯನ್ನೇ ಗುರುತಿಟ್ಟುಕೊಂಡು ಹತ್ತಬೇಕು. ಕೆಳಗೆ ಟೀ ಅಂಗಡಿಯ ಅಜ್ಜಿಗೆ ಹೇಳಿ ಹೋದೆ. ‘ಕರಡಿ ಓಡಾಡೋ ಜಾಗ ಕಣಪ್ಪ, ಐದರೊಳಗೆ ಬಂದು ಮುಖ ತೋರಿಸು’ ಅಂದರು.

ಹತ್ತುವಾಗ ಶೂಗೆ ನೂರಕ್ಕೆ ನೂರು. ಬೋಳು ಬಂಡೆಯ ಮೇಲೆ ಒಂದು ಸಲವೂ ಜಾರಲಿಲ್ಲ. ಕಾರೆ ಮುಳ್ಳು ಚುಚ್ಚಲಿಲ್ಲ. ಮೇಲೆ ಕೂತು ಚಿತ್ರಾನ್ನ ತಿಂದೆ. ಎದ್ದು ನಾಲ್ಕು ಹೆಜ್ಜೆ ಇಟ್ಟಿರಬಹುದು, ಎಡಗಾಲಿನ ಹಿಂದೆ ಯಾರೋ ಚಪ್ಪಾಳೆ ತಟ್ಟಿದ ಹಾಗೆ ಪಟ್ ಪಟ್ ಸದ್ದು. ನೋಡಿದರೆ ಸೋಲ್ ಹಿಮ್ಮಡಿಯಿಂದ ಕಿತ್ತು ನಾಲಿಗೆ ಥರ ಜೋತಾಡುತ್ತಿದೆ. ಮಧ್ಯದ ಮೆತ್ತೆ ಬೆರಳಲ್ಲಿ ಒತ್ತಿದರೆ ರಸ್ಕ್ ಹಾಗೆ ಪುಡಿ ಪುಡಿ. ಹತ್ತು ನಿಮಿಷದಲ್ಲಿ ಬಲಗಾಲಿನದ್ದೂ ಅದೇ ಕಥೆ. ಬ್ಯಾಗಿನ ದಾರ ಬಿಚ್ಚಿ ಕಟ್ಟಿದೆ. ಇಪ್ಪತ್ತು ಹೆಜ್ಜೆಗೆ ಬಂಡೆಗೆ ಉಜ್ಜಿ ಹರಿಯಿತು. ಉಡುದಾರದ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ.

ಬರೀ ಸಾಕ್ಸಲ್ಲಿ ಬಂಡೆ ಇಳಿಯಲು ಹೋಗಬೇಡಿ, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಸಾಕ್ಸ್ ತೆಗೆದು ಬರಿಗಾಲಲ್ಲಿ ಇಳಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ಎರಡು ಗಂಟೆ ಬಿಸಿಲಿಗೆ ಕಾದ ಬಂಡೆ. ನೆರಳು ಕಂಡಲ್ಲೆಲ್ಲ ನಿಂತು, ಕೂತು, ತೆವಳಿಕೊಂಡು ಇಳಿದೆ. ಹತ್ತಲು ಒಂದೂವರೆ ಗಂಟೆ ಹಿಡಿದಿತ್ತು, ಇಳಿಯಲು ಮೂರು. ಅಜ್ಜಿ ನನ್ನ ಕಾಲು ನೋಡಿ ಟೀಗೆ ಮೊದಲು ಒಂದು ಚೊಂಬು ನೀರು ಕೊಟ್ಟರು. ಅಷ್ಟರಲ್ಲಿ ಬಸ್ ಹೋಗಿತ್ತು. ಇನ್ನೊಂದು ಎಷ್ಟು ಹೊತ್ತಿಗೋ ಅಂತ ಪ್ರಯಾಣಿಕರು ಕೇಳಿದಾಗ ನಾನು ಸಿಡುಕಿದ್ದೆಲ್ಲ ನೆನಪಾಯಿತು.

ರಸ್ತೆಗೆ ಬಂದು ಕೈ ಅಡ್ಡ ಹಾಕಿದೆ. ಎರಡು ಬೈಕು, ಒಂದು ಕಾರು ನಿಲ್ಲಲಿಲ್ಲ. ಬರಿಗಾಲು, ಕೆದರಿದ ತಲೆ, ಕೈಯಲ್ಲಿ ಬಾಯಿ ಬಿಟ್ಟ ಶೂ. ನಾನಾಗಿದ್ದರೂ ನಿಲ್ಲಿಸುತ್ತಿರಲಿಲ್ಲ. ಕೊನೆಗೆ ರಾಗಿ ಹುಲ್ಲಿನ ಟ್ರ್ಯಾಕ್ಟರ್ ನಿಂತಿತು. ‘ಏನಣ್ಣ, ಹರಕೆನಾ?’ ಅಂದ ಹುಡುಗ. ಹೂಂ ಅಂದೆ, ವಿವರಿಸುವ ಶಕ್ತಿ ಇರಲಿಲ್ಲ. ಕೊರಟಗೆರೆಯಲ್ಲಿ ಇಳಿದು 120 ರೂಪಾಯಿಗೆ ಹವಾಯಿ ಚಪ್ಪಲಿ ತಗೊಂಡೆ. ಅಲ್ಲಿಂದ ತುಮಕೂರಿಗೆ ಬಸ್ಸಿತ್ತು. ಆದರೆ ನಮ್ಮ ಡಿಪೋದವರು ಯಾರಾದರೂ ಸಿಕ್ಕರೆ ಕಥೆ ಹೇಳಬೇಕಲ್ಲ ಅಂತ ಹುಣಸೆಹಣ್ಣಿನ ಲಗೇಜ್ ಆಟೋ ಹತ್ತಿದೆ. ಇಳಿದು ಐವತ್ತು ರೂಪಾಯಿ ಕೊಡಲು ಹೋದರೆ ಡ್ರೈವರ್ ಕೈ ಆಡಿಸಿದರು. ‘ನಮ್ ಗಾಡಿಗೆ ಕಂಡಕ್ಟರ್ ಇಲ್ಲಣ್ಣ, ಇಟ್ಕೊಳಿ.’

ಮಾರನೇ ದಿನ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆ. ‘ಅಂಟು ಬಿಟ್ಟಿದ್ದಲ್ಲ ಸಾರ್, ಒಳಗಿನ ಪಿ.ಯು ಸತ್ತೋಗಿದೆ’ ಅಂದರು. ಪಿ.ಯು ಅಂದರೆ ಪಾಲಿಯುರೆಥೇನ್, ಸೋಲಿನ ಮೇಲಿರುವ ಮೆತ್ತನೆ ಪದರ. ಅದು ಗಾಳಿಯ ತೇವ ಹೀರಿಕೊಂಡು ವರ್ಷಗಳಲ್ಲಿ ಒಳಗೊಳಗೇ ಮುರಿಯುತ್ತಾ ಬರುತ್ತದೆ. ಹಾಕದೆ ಡಬ್ಬದಲ್ಲಿ ಇಟ್ಟರೂ ಉಳಿಯುವುದಿಲ್ಲ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಈವಿಎ ಅನ್ನುವ ಬೇರೆ ಬಗೆಯ ಫೋಮ್ ಮೆತ್ತೆಯ ಶೂಗಳಿಗೆ ಈ ಕಾಟ ಇಲ್ಲ.

ಮನೆಗೆ ಬಂದು ಅಟ್ಟದಿಂದ ಡಬ್ಬ ಇಳಿಸಿದೆ. ಎಂ.ಆರ್.ಪಿ ಕೆಳಗೇ ಅಚ್ಚಾಗಿದೆ: ತಯಾರಾದ ತಿಂಗಳು, ಆಗಸ್ಟ್ 2017. ಏಳು ವರ್ಷ ಹಳೇ ಮಾಲು! ದಿನಕ್ಕೆ ನೂರು ಮಕ್ಕಳ ಪಾಸಿನ ತಾರೀಖು ನೋಡಿ, ಒಂದು ದಿನ ದಾಟಿದ್ದರೂ ಗದರುವವನು ನಾನು. ಇದನ್ನು ಓದಲೇ ಇಲ್ಲ. ಅಂಗಡಿಯವರು ಸೇಲ್ ಮಾಲಿಗೆ ವಾಪಸ್ ಇಲ್ಲ ಅಂತ ಬಿಲ್ ತೋರಿಸಿದರು. ಬಿಲ್ಲಿನಲ್ಲಿ ಅದೂ ಅಚ್ಚಾಗಿತ್ತು.

ಮೇಲ್ಭಾಗ ಮಾತ್ರ ಗಟ್ಟಿ. ದಾರ, ಕೊಂಡಿ, ಹೊಲಿಗೆ ಯಾವುದೂ ಅಲುಗಿಲ್ಲ. 450 ರೂಪಾಯಿಗೆ ಮೆತ್ತೆ ತೆಗೆಸಿ, ಹೊಸ ರಬ್ಬರ್ ಸೋಲ್ ಹಾಕಿಸಿ, ಸುತ್ತ ಹೊಲಿಗೆ ಹಾಕಿಸಿದೆ. ಈಗ ಹತ್ತಿ ಹಾಸಿಗೆ ಇಲ್ಲ, ಚಾಪೆ. ಸಿದ್ದರಬೆಟ್ಟ, ದೇವರಾಯನದುರ್ಗ ಎರಡೂ ಆಯಿತು, ಸೋಲ್ ಬಿಟ್ಟಿಲ್ಲ. ಎಡಗಾಲಿನದ್ದು ಸ್ವಲ್ಪ ಕಿರ್ ಅನ್ನುತ್ತದೆ. ಹವಾಯಿ ಚಪ್ಪಲಿ ಬ್ಯಾಗಿನಲ್ಲೇ ಇರುತ್ತದೆ.

ಸೈಜ್ ಕೇಳುವವರಿಗೆ: ನನ್ನದು ಮಾಮೂಲಿ 8. ದಪ್ಪ ಸಾಕ್ಸ್ ಹಾಕುವುದರಿಂದ ಇದರಲ್ಲಿ 9 ಬೇಕಾಯಿತು.