"ಇನ್ನೊಂದ್ಸಲ ಒತ್ತಿ" ಅಂದರೆ ಕೈ ಹಿಂದೆ ತೆಗೀರಿ

ಊರಲ್ಲಿರುವ ನಿಮ್ಮ ಅಮ್ಮನೋ ಅಜ್ಜಿಯೋ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುತ್ತಿದ್ದರೆ ಈ ವಾರವೇ ಅವರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ. ನಾವು ಮೂರು ತಿಂಗಳು ಹಾಕಿಸಲಿಲ್ಲ. ₹11,500 ಹೋಯಿತು.

ನಮ್ಮದು ತೀರ್ಥಹಳ್ಳಿ ಕಡೆ. ಬ್ಯಾಂಕಿಗೆ ಹೋಗಿ ಬರುವುದೆಂದರೆ ಬಸ್ಸಿಗೆ ಕಾದು ಅರ್ಧ ದಿನ. ಹಾಗಾಗಿ ಗೃಹಲಕ್ಷ್ಮಿಯ ₹2,000 ಬಂದಾಗ ಅಮ್ಮ ಹತ್ತಿರದ ಜೆರಾಕ್ಸ್, ರೀಚಾರ್ಜ್ ಅಂಗಡಿಯಲ್ಲೇ ತೆಗೆಯುತ್ತಾಳೆ. ಆಧಾರ್ ನಂಬರ್ ಕೊಡಬೇಕು, ಯಾವ ಬ್ಯಾಂಕು ಅಂತ ಹೇಳಬೇಕು, ಬೆರಳಿಡಬೇಕು. ಅಷ್ಟೇ. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿಯೂ ಇಲ್ಲ. ಏಳನೇ ಕ್ಲಾಸು ಪಾಸಾಗಿ ದುಂಡಗೆ ಸಹಿ ಹಾಕುವ ಅಮ್ಮನೂ ಈ ವಯಸ್ಸಲ್ಲಿ ಹೆಬ್ಬೆಟ್ಟಾದಳು.

ಅಡಿಕೆ ಸುಲಿದು ಸುಲಿದು ಅವಳ ಬೆರಳ ಗೆರೆಗಳು ಸವೆದಿವೆ. ಕೊಯ್ಲಿನ ಸಮಯದಲ್ಲಂತೂ ತುದಿಯೆಲ್ಲ ಚೊಗರಿನ ಕಪ್ಪು, ನಡುವೆ ಕತ್ತಿ ತಾಗಿದ ಗಾಯ. ಯಂತ್ರ ಒಂದೇ ಸಲಕ್ಕೆ ಓದುವುದು ಅಪರೂಪ. ಅಂಗಡಿಯವನಿಗೆ ಬೇಕಾಗಿದ್ದೂ ಅದೇ. "ಬೆರಳು ಕೂರ್ಲಿಲ್ಲ ಅಮ್ಮಾ, ಸೆರಗಲ್ಲಿ ಒರೆಸ್ಕೊಂಡು ಇನ್ನೊಂದ್ಸಲ ಒತ್ತಿ." ಮೊದಲನೇ ಸಲವೇ ಕೂತಿತ್ತು. ಎರಡನೆಯದನ್ನು ಬೇರೆ ಮೊತ್ತ ಹೊಡೆದು ಒತ್ತಿಸಿಕೊಳ್ಳುತ್ತಿದ್ದ. ಸ್ಕ್ರೀನ್ ಅವನ ಕಡೆಗೇ ತಿರುಗಿರುತ್ತದೆ, ಅಮ್ಮನಿಗೆ ಕಾಣುವುದು ಯಂತ್ರದ ಕೆಂಪು ಬೆಳಕು ಮಾತ್ರ. ಕೈಗೆ ₹2,000 ಸರಿಯಾಗಿ ಬರುತ್ತಿತ್ತಲ್ಲ, ಅನುಮಾನ ಎಲ್ಲಿಂದ ಬರಬೇಕು?

ಮೆಸೇಜಾದರೂ ಬರಬೇಕಿತ್ತು. ಬಂದದ್ದು ಅಪ್ಪನ ಹಳೇ ನಂಬರಿಗೆ. ಆ ನಂಬರ್ ಬಂದ್ ಆಗಿ ವರ್ಷಗಳೇ ಆದವು. ಆಧಾರ್‌ಗೆ ಅಮ್ಮನ ನಂಬರ್ ಲಿಂಕ್ ಮಾಡಿಸಿದವನು ನಾನೇ, ಆದರೆ ಬ್ಯಾಂಕ್ ಖಾತೆಯ ನಂಬರ್ ಬೇರೆ ಬದಲಿಸಬೇಕು ಎನ್ನುವುದು ನನಗೇ ಹೊಳೆದಿರಲಿಲ್ಲ. ಬೆಂಗಳೂರಲ್ಲಿ ಕೂತು ದಿನವಿಡೀ ಕಂಪ್ಯೂಟರ್ ಕುಟ್ಟುವವನ ಕಥೆ ಇದು.

ಯುಗಾದಿಗೆ ಹೋದಾಗ ಎಂಟ್ರಿ ಹಾಕಿಸಿದೆ. ಒಂದೇ ತಾರೀಖಿಗೆ ಎರಡೆರಡು ಸಾಲು: 2,000, ಅದರ ಕೆಳಗೆ 3,500. ಮುಂದಿನ ತಿಂಗಳು 2,000 ಮತ್ತು 4,000. ಅದರ ಮುಂದಿನದೂ ಹಾಗೇ. ಹೋದದ್ದೆಲ್ಲ ಅವಳು ಅಡಿಕೆ ಸುಲಿದು ಕೂಡಿಟ್ಟಿದ್ದ ಕೂಲಿ. ಪಾಸ್‌ಬುಕ್ಕಿನಲ್ಲಿ ಗಂಟೆ ಇರುವುದಿಲ್ಲ. ಅದಕ್ಕೆ ಆಧಾರ್ ವೆಬ್‌ಸೈಟಿನಲ್ಲಿ ಆಥೆಂಟಿಕೇಶನ್ ಹಿಸ್ಟರಿ, ಅಂದರೆ ಆಧಾರ್ ಯಾವಾಗೆಲ್ಲ ಬಳಕೆಯಾಯಿತು ಎಂಬ ಪಟ್ಟಿ ತೆಗೆದೆ, ಆರು ತಿಂಗಳದ್ದು ಸಿಗುತ್ತದೆ. ಆ ಮೂರೂ ದಿನ ಮೂರು ನಾಲ್ಕು ನಿಮಿಷದ ಅಂತರದಲ್ಲಿ ಎರಡು ಬೆರಳಚ್ಚು.

"ಅವು ಫೇಲಾದವು, ವಾಪಸ್ ಬರ್ತವೆ" ಅಂದ ಅಂಗಡಿಯವನು. ಫೇಲಾಗಿ ಕಟ್ ಆದ ದುಡ್ಡನ್ನು ಐದು ದಿನದೊಳಗೆ ವಾಪಸ್ ಹಾಕಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಮೂರು ತಿಂಗಳಾದರೂ ಬರದಿದ್ದರೆ ಅದೆಂಥ ಫೇಲು?

ಬ್ಯಾಂಕಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಬೆರಳು ನಿಮ್ಮ ತಾಯಿಯದೇ ಅಲ್ವಾ?" ಈ ಮಾತಿಗೆ ತಣ್ಣಗಾಗಿ ಎದ್ದು ಬರಬೇಡಿ. ತಪ್ಪು ಗ್ರಾಹಕರದ್ದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು, 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಅದು ಇದೆ. ಮೂರನೆಯವರು ಮಾಡಿದ ಮೋಸವನ್ನು ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಪೂರ್ತಿ ನಷ್ಟ ಬ್ಯಾಂಕಿನದು. ಏಳು ಕೆಲಸದ ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ನಾವು ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆ, ಬ್ಯಾಂಕಿಗೆ ಬರಹದಲ್ಲಿ ಕೊಟ್ಟು ಸೀಲ್ ಹಾಕಿಸಿಕೊಂಡೆ, 30 ದಿನ ಕಾದು, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೂ ಬರೆದೆ. ಸದ್ಯಕ್ಕೆ ಬಂದದ್ದು ಕೊನೆಯ ₹4,000.

ನಿಜವಾಗಿಯೂ ಬೆರಳು ಕೂರದೇ ಇರುವುದುಂಟು. ಅದಕ್ಕೇ ಎರಡನೇ ಸಲ ಒತ್ತುವ ಮುಂಚೆ ಮೊದಲನೆಯದರ ರಸೀದಿ ಕೇಳಲಿ, ಇಲ್ಲವೇ ಸ್ಕ್ರೀನ್ ತಮ್ಮ ಕಡೆ ತಿರುಗಿಸಲು ಹೇಳಲಿ. ಬ್ಯಾಲೆನ್ಸ್ ನೋಡಲೂ ಬೆರಳು ಬೇಕು, ಆ ನೆಪವನ್ನೂ ನಂಬಬೇಡಿ.

ಈಗ ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿಟ್ಟಿದ್ದೇನೆ, ಆಧಾರ್ ಆ್ಯಪಿನಲ್ಲೇ ಆಗುತ್ತದೆ. ಆದರೆ ರೇಷನ್ ಅಂಗಡಿಗೂ ಅದೇ ಹೆಬ್ಬೆಟ್ಟು ಬೇಕು. ಲಾಕ್ ಇದ್ದರೆ ಯಂತ್ರ 330 ಅಂತ ಎರರ್ ತೋರಿಸುತ್ತದೆ. ಹಾಗಾಗಿ ಅಕ್ಕಿಯ ದಿನ ಅವಳು ಸಾಲಲ್ಲಿ ನಿಂತು ಫೋನ್ ಮಾಡುತ್ತಾಳೆ, ನಾನು ಇಲ್ಲಿಂದ ತೆಗೆಯುತ್ತೇನೆ, ಹತ್ತು ನಿಮಿಷ ತೆರೆದಿರುತ್ತದೆ. "ಯಾರಿಗೂ ಒಟಿಪಿ ಹೇಳ್ಬೇಡ ಅಂತೀಯ, ತಿಂಗಳು ತಿಂಗಳು ನೀನೇ ಕೇಳ್ತೀಯಲ್ಲ ಮಾರಾಯ" ಎಂದು ಗೊಣಗಿಕೊಂಡೇ ಆರು ಅಂಕಿ ಓದುತ್ತಾಳೆ. ಹೋದ ತಿಂಗಳು ಸರ್ವರ್ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದು, ಎರಡು ಸಲ ಓದಿಸಿದೆ.