ಕೈಬರಹದ ಕನ್ನಡ ಫಾಂಟ್‌ಗಳು: ಒತ್ತಕ್ಷರ ಬರುವ ತನಕ ಚೆಂದ

ಮೈಸೂರಿನ ಕುವೆಂಪುನಗರದ ನನ್ನ ಮನೆಯಲ್ಲೇ ಹಬ್ಬದ ಪೊಟ್ಟಣಗಳ ಚೀಟಿ, ಸೀಮಂತದ ಆಹ್ವಾನ, ದಸರೆಗೆ ಗೊಂಬೆ ಕೂರಿಸುವವರಿಗೆ ಹೆಸರಿನ ಫಲಕ, ನಾಮಕರಣಕ್ಕೆ ಗೋಡೆಗೆ ಅಂಟಿಸುವ ಅಕ್ಷರ ಮಾಡಿಕೊಡುತ್ತೇನೆ. ಬರುವವರೆಲ್ಲರ ಬೇಡಿಕೆ ಹೆಚ್ಚುಕಡಿಮೆ ಒಂದೇ: ಅಚ್ಚು ಹಾಕಿಸಿದಂತೆ ಕಾಣಬಾರದು, ಕೈಯಲ್ಲಿ ಬರೆದಂತಿರಬೇಕು. ಜೊತೆಗೆ ಇನ್ನೂರು ಪ್ರತಿ, ಅದೂ ನಾಡಿದ್ದಿಗೆ. ಈ ಎರಡನ್ನೂ ಒಟ್ಟಿಗೆ ಪೂರೈಸಲು ಕೈಬರಹದ ಫಾಂಟ್ ಬಿಟ್ಟರೆ ಬೇರೆ ದಾರಿಯಿಲ್ಲ. ಕೆಲವು ವರ್ಷಗಳಿಂದ ಇವುಗಳೊಂದಿಗೆ ಏಗುತ್ತಿರುವುದರಿಂದ ಈ ವಿಮರ್ಶೆ.

ಇಂಗ್ಲಿಷಿನವರಿಗೆ ಈ ವಿಷಯದಲ್ಲಿ ಬರವೇ ಇಲ್ಲ. ಪ್ಯಾಟ್ರಿಕ್ ಹ್ಯಾಂಡ್, ಇಂಡೀ ಫ್ಲವರ್ ಎಂದು ಉಚಿತವಾಗಿಯೇ ರಾಶಿ ಸಿಗುತ್ತವೆ. ದೇವನಾಗರಿಗೂ ‘ಕಲಂ’ ಇದೆ. ನಮ್ಮಲ್ಲಿ ಬೆರಳೆಣಿಕೆ. ಕಾರಣ ಸೋಮಾರಿತನವಲ್ಲ, ಲೆಕ್ಕಾಚಾರ. ಇಂಗ್ಲಿಷಿಗೆ 26 ದೊಡ್ಡಕ್ಷರ, 26 ಚಿಕ್ಕಕ್ಷರ, ಅಂಕಿ, ಚಿಹ್ನೆ ಬರೆದರೆ ಬಳಸುವಂಥ ಫಾಂಟ್ ಸಿದ್ಧ. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಬೇಕು, ಪ್ರತಿಯೊಂದಕ್ಕೂ ಒತ್ತು ಬೇಕು, ಅವು ಒಂದರ ಕೆಳಗೊಂದು ಸರಿಯಾಗಿ ಕೂರಬೇಕು. ನೂರಾರು ಆಕಾರಗಳನ್ನು ಬಿಡಿಸಿಯೂ ‘ಸಲೀಸಾಗಿ ಗೀಚಿದಂತೆ’ ತೋರಿಸುವುದು ಸಣ್ಣ ಕೆಲಸವಲ್ಲ.

ನಾನು ಅತಿ ಹೆಚ್ಚು ಬಳಸಿರುವುದು ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ’ವನ್ನು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕನ್ನಡಕ್ಕೊಂದು, ತೆಲುಗಿಗೊಂದು ಪ್ರತ್ಯೇಕ ಕಡತ. ಎರಡರಲ್ಲೂ ಇಂಗ್ಲಿಷ್ ಅಕ್ಷರಗಳು ಒಂದೇ. ಇದು ನಿಮ್ಮ ಅಜ್ಜಿಯ ಕೈಬರಹದಂತೆ ಕಾಣುವುದಿಲ್ಲ. ಆದರೆ ಪಠ್ಯಪುಸ್ತಕದ ಅಚ್ಚುಕಟ್ಟುತನವನ್ನು ಬೇಕೆಂದೇ ಬಿಟ್ಟಿರುವ ತುಂಟತನ ಇದೆ, ನನಗೆ ಬೇಕಾದದ್ದೂ ಅದೇ. ದಪ್ಪ ಒಂದೇ, ತೆಳುವೂ ಇಲ್ಲ ಇನ್ನೂ ದಪ್ಪವೂ ಇಲ್ಲ. ಹಾಗಾಗಿ ಶೀರ್ಷಿಕೆಗೆ ಮಾತ್ರ ಇದು. ಆಹ್ವಾನದ ಒಳಪುಟದ ದಿನಾಂಕ, ಸ್ಥಳ, ‘ತಮ್ಮ ಆಗಮನಾಭಿಲಾಷಿಗಳು’ ಎಲ್ಲಕ್ಕೂ ನೋಟೊ ಸೆರಿಫ್ ಕನ್ನಡ ಎಂಬ ಮಾಮೂಲಿ ಅಚ್ಚಿನ ಫಾಂಟ್ ಸಾಕು. ‘ಬಲೂ ತಮ್ಮ’ವನ್ನು ಕೈಬರಹ ಎನ್ನಲಾಗದು, ಅದು ದುಂಡು ದುಂಡಾದ ದಪ್ಪ ಅಕ್ಷರ. ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ ಅದನ್ನು ಮೀರಿಸುವುದು ಇನ್ನೊಂದಿಲ್ಲ.

ಇನ್ನು ನಿಜವಾದ ಪರೀಕ್ಷೆ. ಯಾವುದೇ ಕೈಬರಹದ ಫಾಂಟ್ ಬಳಸುವ ಮೊದಲು ನಾನು ಅದರಲ್ಲಿ ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ’ ಎಂದು ಬರೆದು ನೋಡುತ್ತೇನೆ. ಸಂಕ್ರಾಂತಿಯ ಪೊಟ್ಟಣಕ್ಕೆ ಹೇಗೂ ಬೇಕಾದ ಸಾಲು. ಫಾಂಟಿನ ಜಾತಕವನ್ನೂ ಅದೇ ಹೇಳುತ್ತದೆ. ಎರಡು ಕಡೆ ಳ-ಒತ್ತು, ನಡುವೆ ಲ-ಒತ್ತು. ಕೈಯಲ್ಲಿ ಬರೆಯುವಾಗ ಒಂದು ಒತ್ತು ಇನ್ನೊಂದರಂತೆ ಇರುವುದೇ ಇಲ್ಲ. ಒಂದು ಸ್ವಲ್ಪ ಕೆಳಗೆ ಜಾರುತ್ತದೆ, ಇನ್ನೊಂದರ ಬಾಲ ಉದ್ದವಾಗುತ್ತದೆ. ಫಾಂಟಿನಲ್ಲಿ ಎರಡೂ ಅವಳಿ ಜವಳಿ. ಅಲ್ಲಿಗೆ ಗುಟ್ಟು ರಟ್ಟು. ಇಂಗ್ಲಿಷಿನ ಒಳ್ಳೆಯ ಫಾಂಟ್‌ಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ಪರ್ಯಾಯ ರೂಪಗಳಿದ್ದು, ಪಕ್ಕಪಕ್ಕ ಬಂದಾಗ ತಾವೇ ಬದಲಾಗುತ್ತವೆ. ನಾನು ಬಳಸಿದ ಕನ್ನಡದವುಗಳಲ್ಲಿ ಈ ಸೌಕರ್ಯ ಕಂಡಿಲ್ಲ. ಅದಕ್ಕೇ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರಗಳನ್ನು ತಿದ್ದಬಹುದಾದ ರೇಖೆಗಳಾಗಿ ಬದಲಿಸಿ, ಎರಡನೆಯ ಒತ್ತನ್ನು ತುಸು ವಾಲಿಸಿ, ಬಾಲ ಎಳೆದು, ಒಂದೆರಡು ಅಕ್ಷರಗಳನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ. ನೋಡಿದವರು ಯಾರ ಕೈಬರಹ ಎಂದು ಕೇಳುವುದು ಆಮೇಲೆಯೇ.

ಹಣ ಕೊಟ್ಟು ತರಿಸಿದ ಇನ್ನೊಂದು ಫಾಂಟಿನ ಕಥೆ ಬೇರೆ. ಮಾರಾಟದ ಚಿತ್ರದಲ್ಲಿ ‘ಮನೆ’, ‘ನಗು’, ‘ಕನಸು’ ಎಂಬ ಪದಗಳು ಮುದ್ದಾಗಿದ್ದವು. ಗಮನಿಸಿ, ಒಂದರಲ್ಲೂ ಒತ್ತಕ್ಷರವಿಲ್ಲ. ‘ಹಾರ್ದಿಕ ಸ್ವಾಗತ’ ಎಂದು ಬರೆದರೆ ಅರ್ಕಾವೊತ್ತು ಮುಂದಿನ ಅಕ್ಷರದ ತಲೆಕಟ್ಟಿಗೆ ಡಿಕ್ಕಿ ಹೊಡೆಯಿತು. ‘ಶ್ರೀ’ ಬರೆದರೆ ರ-ಒತ್ತು ಎಲ್ಲೋ ದೂರದಲ್ಲಿ ಬಿಡಾರ ಹೂಡಿತು. ‘ಶ್ರೀ’ ಸರಿಯಾಗಿ ಬಾರದ ಫಾಂಟ್ ಇಟ್ಟುಕೊಂಡು ಈ ಊರಿನಲ್ಲಿ ಯಾವ ಆಹ್ವಾನ ಪತ್ರಿಕೆ ಮಾಡುವುದು?

ಕಾಗದ ಅಥವಾ ವಿನೈಲ್ ಕತ್ತರಿಸುವ ಯಂತ್ರ ಇರುವವರು ಇನ್ನೊಂದು ಸಂಗತಿ ನೋಡಿಕೊಳ್ಳಬೇಕು. ಕನ್ನಡದ ಒತ್ತುಗಳು ಮತ್ತು ಸೊನ್ನೆ ಮೂಲ ಅಕ್ಷರಕ್ಕೆ ಅಂಟಿಕೊಂಡಿರುವುದಿಲ್ಲ. ಸ್ಟಿಕ್ಕರ್ ಆದರೆ ವರ್ಗಾವಣೆಯ ಟೇಪು ಅವುಗಳನ್ನೂ ಒಟ್ಟಿಗೆ ಎತ್ತುತ್ತದೆ, ಚಿಂತೆಯಿಲ್ಲ. ಕೇಕಿನ ಮೇಲೆ ಚುಚ್ಚುವ ಕಾಗದದ ಹೆಸರಾದರೆ ‘ಅನನ್ಯ’ದ ಯ-ಒತ್ತು ಮೇಜಿನ ಮೇಲೆಯೇ ಉಳಿಯುತ್ತದೆ. ಅದನ್ನು ಮೇಲಕ್ಕೆ ಸರಿಸಿ ಅಕ್ಷರಕ್ಕೆ ಬೆಸೆಯಬೇಕು, ಇಲ್ಲವೇ ಅಡಿಯಲ್ಲಿ ಒಂದು ಪಟ್ಟಿ ಕೊಡಬೇಕು. ಕೊರೆಯಚ್ಚು (ಸ್ಟೆನ್ಸಿಲ್) ಮಾಡುವಾಗ ತೊಂದರೆ ಉಲ್ಟಾ: ಠ, ಥ, ಧ, ಸೊನ್ನೆಗಳ ಹೊಟ್ಟೆ ಕಳಚಿ ಬೀಳುತ್ತದೆ, ನಡುವೆ ಸೇತುವೆ ಬಿಡದೆ ಗತಿಯಿಲ್ಲ. ಕುಂಚದ ಒರಟು ಅಂಚಿರುವ ಫಾಂಟ್‌ಗಳನ್ನು ಯಂತ್ರಕ್ಕೆ ಕೊಡಲೇಬೇಡಿ. ಪರದೆಯ ಮೇಲೆ ಅಷ್ಟು ಚೆಂದ ಕಾಣುವ ಆ ಅಂಚಿನ ತುಂಬ ಸಾವಿರಾರು ಬಿಂದುಗಳಿರುತ್ತವೆ. ಅಲಗು ತಡವರಿಸಿ ಕಾಗದವನ್ನು ಹರಿದುಹಾಕುತ್ತದೆ. ನುಣುಪು ಅಂಚಿನ ಅಕಾಯ, ಬಲೂ ಇಲ್ಲಿ ಗೆಲ್ಲುತ್ತವೆ.

ಗಾತ್ರದ ಮಾತು. ಕಂದು ಕಾಗದದ ಮೇಲೆ 14 ಪಾಯಿಂಟ್‌ಗಿಂತ ಕೆಳಗಿಳಿದರೆ ಶಾಯಿ ಹರಡಿ ಒತ್ತುಗಳು ಮಸಿಚುಕ್ಕಿಯಾಗುತ್ತವೆ. ಸಾಲುಗಳ ನಡುವಿನ ಅಂತರವನ್ನೂ ಇಂಗ್ಲಿಷಿಗಿಂತ ಧಾರಾಳವಾಗಿ ಕೊಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಕುಟ್ಟುತ್ತದೆ.

ಮಂಡ್ಯ ಕಡೆಯ ಆಲೆಮನೆಯವರೊಬ್ಬರಿಗೆ ಬೆಲ್ಲದ ಚೀಟಿ ಮಾಡಿದಾಗ ‘ಅಚ್ಚು ಬೆಲ್ಲ’ ಎಂಬುದಷ್ಟನ್ನೇ ಅಕಾಯದಲ್ಲಿ ದೊಡ್ಡದಾಗಿ ಇಟ್ಟೆ. ತೂಕ, ಬೆಲೆ, ತಯಾರಕರ ವಿಳಾಸಗಳಿಗೆ ಕೈಬರಹದ ಸೊಗಸು ಬೇಡ. ಪೊಟ್ಟಣ ಕಟ್ಟಿದ ಸರಕುಗಳ 2011ರ ನಿಯಮದಂತೆ ಆ ವಿವರ ಸ್ಪಷ್ಟವಾಗಿ ಓದುವಂತಿರಬೇಕು, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡವನ್ನು ಬೇಕಾದರೆ ಜೊತೆಗೆ ಸೇರಿಸಿಕೊಳ್ಳಬಹುದು. ಮಂಡ್ಯದ ಬೆಲ್ಲಕ್ಕೆ ಮಂಡ್ಯದ ಭಾಷೆ ಐಚ್ಛಿಕ ಎಂಬುದು ನನಗಿನ್ನೂ ಜೀರ್ಣವಾಗಿಲ್ಲ.

ಪರವಾನಗಿಯನ್ನು ಓದದೆ ಮುಂದುವರಿಯಬೇಡಿ. ಅಕಾಯ, ಬಲೂ, ನೋಟೊ ಮೂರೂ ಮುಕ್ತ ಫಾಂಟ್ ಪರವಾನಗಿಯಲ್ಲಿವೆ. ಮಾರುವ ವಸ್ತುವಿನ ಮೇಲೆ ಧೈರ್ಯವಾಗಿ ಬಳಸಬಹುದು, ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿರುವ ಉಚಿತ ಫಾಂಟಿನಲ್ಲಿ ಮಗಳ ಹುಟ್ಟುಹಬ್ಬದ ಕಾರ್ಡು ಮಾಡಬಹುದೇ ಹೊರತು ಅಂಗಡಿಗೆ ಹಾಕುವ ಚೀಟಿಯನ್ನಲ್ಲ. ಮುದ್ರಣಾಲಯಕ್ಕೆ ಕಳಿಸುವಾಗ ಅಕ್ಷರಗಳನ್ನೆಲ್ಲ ರೇಖೆಗಳಾಗಿ ಬದಲಿಸಿಯೇ ಪಿಡಿಎಫ್ ಕೊಡಿ. ಹಳೆಯ ತಂತ್ರಾಂಶ ಇಟ್ಟುಕೊಂಡಿರುವ ಕಡೆ ಯೂನಿಕೋಡ್ ಕನ್ನಡ ತೆರೆದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಅರ್ಧಾಕ್ಷರಗಳಾಗಿ ನಿಲ್ಲುತ್ತವೆ. ಅದು ಗೊತ್ತಾಗುವುದು ಇನ್ನೂರು ಪ್ರತಿ ಅಚ್ಚಾದ ಮೇಲೆ.